ಬೀಗ ಹಾಕಿದ ಕಾರಿನೊಳಗೆ ಇಂಗ್ಲಿಷ್ ಪಾಠ

ಗೆಳೆಯರೇ, ಇದು ಇವತ್ತು ಮಟಮಟ ಮಧ್ಯಾಹ್ನ ಆದದ್ದು, ನಗಬೇಡಿ. ಸಾಂಬ್ರಾ ವಿಮಾನ ನಿಲ್ದಾಣದ ಹೊರಗೆ ನನ್ನ ಟ್ಯಾಕ್ಸಿಯಲ್ಲಿ ಕೂತು, ಮೊಬೈಲ್ ಆ್ಯಪಿನಲ್ಲಿ ಇಂಗ್ಲಿಷ್ ಉಚ್ಚಾರ ತಿದ್ದಿಕೊಳ್ಳುತ್ತಿದ್ದೆ. ನಾಳೆ ಒಂದು ಹೋಟೆಲಿನವರು ನನ್ನ ಇಂಗ್ಲಿಷ್ ಕೇಳಿ ಕೆಲಸ ಕೊಡುವವರಿದ್ದಾರೆ. ನನಗೋ ಪ್ರತಿ ವಾಕ್ಯದ ಕೊನೆಗೆ ‘ರೀ’ ಬಂದೇ ಬರುತ್ತದೆ.

‘ವೆಲ್‌ಕಮ್ ಟು ಬೆಳಗಾವಿ ರೀ’ ಎಂದೆ. ಕೆಂಪು ಗುರುತು ಬಂತು, ತಪ್ಪು. ಬೇಸತ್ತು ಮೊಬೈಲನ್ನು ಒಳಗೇ ಬಿಟ್ಟು, ಕಾರಿಗೆ ಬೀಗ ಹಾಕಿ ಚಹಾಕ್ಕೆ ಹೋದೆ.

ಬಂದು ಎ.ಸಿ. ಹಾಕಿ ಮೊಬೈಲ್ ನೋಡಿದರೆ ಹಸಿರು ಗುರುತು. ಯಾರು ಹೇಳಿದರು? ರೆಕಾರ್ಡಿಂಗ್ ಒತ್ತಿದೆ.

‘ವೆಲ್‌ಕಮ್ ಟು ಬೆಳಗಾವಿ ರೀ.’

ಹೋದ ವರ್ಷ ಖಾನಾಪುರದ ಹೊಲದಲ್ಲಿ ನಾನೇ ಮಣ್ಣು ಮಾಡಿ ಬಂದ ನಮ್ಮವ್ವನ ಧ್ವನಿ. ಬದುಕಿದ್ದಾಗ ಪಕ್ಕದ ಸೀಟಿನಲ್ಲಿ ಕೂತು ನನ್ನ ಪಾಠವನ್ನೆಲ್ಲ ತಾನೂ ಒಪ್ಪಿಸುತ್ತಿದ್ದಳು.

ಹೆಂಡತಿಗೆ ಫೋನ್ ಮಾಡಿ ಅದನ್ನು ಕೇಳಿಸಿದೆ. ‘ಅತ್ತಿಯವರ ಅದಾರ್ರಿ. ಎ.ಸಿ. ಬಂದ್ ಮಾಡ್ರಿ, ಅವರಿಗೆ ಥಂಡಿ ತಡಿಯಂಗಿಲ್ಲ’ ಎಂದಳು.

ಬಂದ್ ಮಾಡಿದೆ. ಪಕ್ಕದ ಸೀಟಿನ ಕಡೆ ಇನ್ನೂ ತಿರುಗಿ ನೋಡಿಲ್ಲ.

ಆದರೂ ಹೊಟ್ಟೆಯುರಿ ಹೋಗುತ್ತಿಲ್ಲ. ಅವಳೂ ‘ರೀ’ ಎಂದೇ ಹೇಳಿದ್ದಾಳಲ್ಲ, ಅವಳಿಗೆ ಹಸಿರು, ನನಗೆ ಕೆಂಪು? ನಾಳೆ ಹೋಟೆಲಿನೊಳಗೆ ಅವಳನ್ನೇ ಕಳಿಸುತ್ತೇನೆ.