ಕಾಶ್ಯಪ ಗೋತ್ರದ ರೋಗಿ

ದೇವರನ್ನು ನಂಬುವವನು ಪವಾಡವನ್ನೂ ನಂಬಲೇಬೇಕೆಂದು ಹಲವರು ತಿಳಿದಿರುತ್ತಾರೆ. ನಾನು ಹಾಗೆ ಎಂದೂ ತಿಳಿದವನಲ್ಲ. ಉಪನಯನವಾದಂದಿನಿಂದ ಸಂಧ್ಯಾವಂದನೆಯನ್ನು ಬಿಟ್ಟಿಲ್ಲ. ಮೈಸೂರಿನ ಪಾಠಶಾಲೆಯೊಂದರಲ್ಲಿ ತರ್ಕವನ್ನೂ ವ್ಯಾಕರಣವನ್ನೂ ಗುರುಮುಖದಿಂದ ಕಲಿತೆ. ಹಾಗೆ ಕಲಿತದ್ದರಿಂದಲೇ, ಯಾರಾದರೂ ಬಂದು ಗಾಳಿಯಲ್ಲಿ ದನಿ ಕೇಳಿತು, ಕನಸಿನಲ್ಲಿ ಅಪ್ಪಣೆಯಾಯಿತು ಎಂದಾಗ ಪ್ರಮಾಣವೇನೆಂದು ಕೇಳಿ ಅವರನ್ನು ಸುಮ್ಮನಾಗಿಸುತ್ತಿದ್ದೆ. ಈಗ ನಾನು ಹೇಳಲಿರುವ ಸಂಗತಿಗೆ ಪ್ರಮಾಣ ಕೇಳಿದರೆ ನನ್ನ ಬಳಿಯೂ ಇಲ್ಲ. ಓದುಗರು ನಂಬಬೇಕೆಂಬ ಹಟವೂ ನನಗಿಲ್ಲ.

ಈ ಶತಮಾನ ಆರಂಭವಾಗಿ ಕೆಲವೇ ವರ್ಷಗಳಾಗಿದ್ದ ಕಾಲ. ನಾನೂ ನನ್ನ ಪತ್ನಿ ಶಾರದೆಯೂ ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯ ಶ್ರೀಧರ ಕಾರಿನ ಬಿಡಿಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಹಿಮ ಬಿದ್ದ ದಿನಗಳಲ್ಲಿ ಯಾವ ರಸ್ತೆಯಲ್ಲಿ ಅಪಘಾತವಾಗಿದೆಯೆಂದು ತಿಳಿಯಲೆಂದು ಅವನು ಒಂದು ಸ್ಕ್ಯಾನರ್ ತಂದು ಅಡುಗೆಮನೆಯಲ್ಲಿ ಇಟ್ಟ. ಪೊಲೀಸರು, ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು ರೇಡಿಯೋದಲ್ಲಿ ತಮ್ಮತಮ್ಮೊಳಗೆ ಆಡುವ ಮಾತುಗಳನ್ನು ಹಿಡಿದು ಕೇಳಿಸುವ ಸಣ್ಣ ಪೆಟ್ಟಿಗೆ ಅದು. ಕೇಳಿಸುತ್ತದೆ, ಅಷ್ಟೆ, ಅದರ ಮೂಲಕ ನಾವು ಮಾತನಾಡಲು ಬರುವುದಿಲ್ಲ. ಈ ಒಂದು ವಿಷಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಅಳಿಯ ಕೆಲವು ದಿನ ಕೇಳಿ ಮರೆತ. ಶಾರದೆ ಮರೆಯಲಿಲ್ಲ. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಲ್ಪವೇ. ಆದರೂ ಬೀದಿಯ ಹೆಸರು, ಮನೆಯ ನಂಬರು, ರೋಗಿಯ ವಯಸ್ಸು, ಎದೆನೋವೋ ಉಸಿರಾಟದ ತೊಂದರೆಯೋ ಎಂಬುದು ಹೇಗೋ ತಿಳಿಯುತ್ತಿತ್ತು. ಯಾವ ಮನೆಗೆ ಹೋಗಬೇಕೆಂದು ಆಂಬುಲೆನ್ಸಿನವರಿಗೆ ಹೇಳುತ್ತಿದ್ದ ಹೆಣ್ಣುದನಿಯನ್ನು ‘ನಮ್ಮ ಹುಡುಗಿ’ ಎನ್ನತೊಡಗಿದಳು. ಆ ದನಿ ಯಾರದೋ ಕಷ್ಟವನ್ನು ಹೇಳಿದೊಡನೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಪಕ್ಕದ ದಿನಸಿ ಕೋಣೆಯಲ್ಲಿದ್ದ ನಮ್ಮ ದೇವರ ಮುಂದೆ ದೀಪ ಹಚ್ಚುವುದು ಅವಳ ನೇಮವಾಯಿತು.

ಒಂದು ದಿನ ನನ್ನ ಬಳಿ ಬಂದಳು.

“ರೀ, ಹೆಸರೂ ಗೊತ್ತಿಲ್ಲ, ಗೋತ್ರಾನೂ ಗೊತ್ತಿಲ್ಲ ಅಂದ್ರೆ ಸಂಕಲ್ಪ ಹೇಗೆ ಮಾಡ್ಬೇಕು?”

“ಯಾರಿಗೆ?”

“ಗ್ಯಾಸ್ ಸ್ಟೇಷನ್ ಹಿಂದಿನ ಬೀದೀಲಿ ಯಾರೋ ಅಜ್ಜಿ ಜಾರಿಬಿದ್ದಿದಾರಂತೆ.”

“ಗೋತ್ರ ತಿಳೀದೇ ಇದ್ರೆ ಕಾಶ್ಯಪ ಅನ್ನೋದು ವಾಡಿಕೆ. ಆದ್ರೆ ಅಮೆರಿಕದ ಅಜ್ಜಿಗೆ ಗೋತ್ರ ಎಲ್ಲಿಂದ ಬರ್ಬೇಕೇ?”

“ಮುರ್ಕೊಳ್ಳೋಕೆ ಮೊಣಕಾಲು ಇದ್ಯಲ್ಲ, ಗೋತ್ರಾನೂ ಇರತ್ತೆ ಬಿಡಿ.”

ಅಂದಿನಿಂದ ಅವಳ ಪ್ರಾರ್ಥನೆಗೆ ಒಂದು ಕ್ರಮ ಬಂತು. “ಹೆಸರು ನಿಂಗೇ ಗೊತ್ತಿರತ್ತೆ ತಾಯಿ, ಗೋತ್ರ ಕಾಶ್ಯಪ ಅಂತಿಟ್ಕೋ” ಎಂದು ಆರಂಭಿಸಿ, ಪಕ್ಕದೂರುಗಳಾದ ಪೊಂಟಿಯಾಕಿನ ಮುದುಕನನ್ನೋ ಟ್ರಾಯ್‌ನ ಬಸುರಿಯನ್ನೋ ದೇವಿಗೆ ಒಪ್ಪಿಸಿಬಿಡುತ್ತಿದ್ದಳು.

ಇದರಿಂದ ನನಗಾದುದನ್ನು ಹೊಟ್ಟೆಕಿಚ್ಚು ಎಂದೇ ಹೇಳುತ್ತೇನೆ. ಅಸೂಯೆ ಎಂದರೆ ಅದಕ್ಕೆ ಸಂಸ್ಕೃತದ ಮರ್ಯಾದೆ ಬಂದುಬಿಡುತ್ತದೆ. ಮದುವೆಯಾದಂದಿನಿಂದಲೂ ಸಂಜೆ ನಾನು ಪುರಾಣ ಓದಿ ಅರ್ಥ ಹೇಳುವುದು, ಅವಳು ಬತ್ತಿ ಹೊಸೆಯುತ್ತ ಕೇಳುವುದು ನಮ್ಮ ಮನೆಯ ಪದ್ಧತಿ. ಪರದೇಶಕ್ಕೆ ಬಂದ ಮೇಲಂತೂ ನನಗಿದ್ದ ಶ್ರೋತೃ ಅವಳೊಬ್ಬಳೇ. ಈಗ ಅವಳು ಎದುರಿಗೆ ಕುಳಿತಿದ್ದರೂ ಕಿವಿ ಅಡುಗೆಮನೆಯಲ್ಲಿರುತ್ತಿತ್ತು. ಶ್ಲೋಕದ ಅರ್ಧದಲ್ಲಿ ಎದ್ದು ಹೋಗುತ್ತಿದ್ದಳು. ನನಗೆ ನೆಗಡಿಯಾದಾಗ ಕಷಾಯವಷ್ಟೇ ದೊರೆಯುತ್ತಿತ್ತು. ಮುಖವನ್ನೇ ಕಾಣದವರಿಗೆ ದೀಪ, ಕಣ್ಣೀರು, ಎರಡೂ.

“ಆ ಪೆಟ್ಟಿಗೆಗೇ ಊಟ ಬಡಿಸು” ಎಂದು ಒಮ್ಮೆ ಕುಟುಕಿದೆ.

“ಬಡಿಸ್ತಿದ್ದೆ. ಅದಾದ್ರೂ ಸಾರಿಗೆ ಉಪ್ಪು ಕಮ್ಮಿ ಅಂತಿರ್ಲಿಲ್ಲ” ಎಂದಳು.

ಆ ಚಳಿಗಾಲದ ಒಂದು ಸಂಜೆ ಹಿಮ ಬೀಳುತ್ತಿತ್ತು. ಮಗಳು ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಅಳಿಯ ಮನೆಯಲ್ಲೇ ಕೆಲಸ ಮಾಡುತ್ತಿದ್ದ. ಹಸುಗೂಸಾದ ಮೊಮ್ಮಗಳು ಮಲಗಿದ್ದಳು. ನಾನು ಸಂಧ್ಯಾವಂದನೆಗೆ ಕುಳಿತು ಪ್ರಾಣಾಯಾಮ ಮಾಡುತ್ತಿದ್ದಾಗ ಹಿಡಿದ ಉಸಿರು ಹೊರಗೆ ಬರಲೇ ಇಲ್ಲ. ಎದೆಯ ಮೇಲೆ ಯಾರೋ ಮಂಡಿಯೂರಿದಂತಾಯಿತು. ಉದ್ಧರಣೆ ಉರುಳಿದ ಸದ್ದಿಗೆ ಅಳಿಯ ಓಡಿ ಬಂದು ಫೋನ್ ಮಾಡಿದ. ಬೇಗನೆ ಆಂಬುಲೆನ್ಸ್ ಬಂತು. ಮಗುವಿನ ಬಳಿ ಒಬ್ಬರು ಇರಲೇಬೇಕಾದ್ದರಿಂದ ಶಾರದೆ ಮನೆಯಲ್ಲಿ ಉಳಿದಳು. ಅಳಿಯ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕುಳಿತ. ನನ್ನನ್ನು ಹೊತ್ತೊಯ್ಯುವಾಗ ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ತಲೆಯ ಹಿಂದೆಲ್ಲೋ ರೇಡಿಯೋ ಇಂಗ್ಲಿಷಿನಲ್ಲಿ ಮಾತನಾಡುತ್ತಿತ್ತು. ಅದು ಒಂದು ಕ್ಷಣ ಕರಕರ ಎಂದು ನಿಂತಿತು. ಆಮೇಲೆ ಅದೇ ರೇಡಿಯೋದಲ್ಲಿ, ಸ್ಪಷ್ಟವಾಗಿ, ಶಾರದೆಯ ದನಿ ಕೇಳಿತು.

“ಹೆಸರು ನಿಂಗೇ ಗೊತ್ತಿರತ್ತೆ ತಾಯಿ, ಗೋತ್ರ ಕಾಶ್ಯಪ ಅಂತಿಟ್ಕೋ. ಎಣ್ಣೆ ತೀರಿಹೋಗಿದೆ, ತುಪ್ಪದಲ್ಲೇ ಹಚ್ಚಿದೀನಿ. ಈ ಜೀವ ಉಳಿಸಿಕೊಡು. ಬೇಕಾದ್ರೆ ನಂದು ತಗೋ.”

ನಮ್ಮದು ಭಾರದ್ವಾಜ ಗೋತ್ರ. ಓದುಗರು ನಗಬಹುದು, ಆದರೆ ಆ ಗಳಿಗೆಯಲ್ಲಿ ಸಾವಿನ ಹೆದರಿಕೆಯನ್ನು ಹೊಟ್ಟೆಕಿಚ್ಚು ಹಿಂದಕ್ಕೆ ತಳ್ಳಿತು. ಕೈಹಿಡಿದ ಗಂಡ ಇಲ್ಲಿ ಪ್ರಾಣ ಬಿಡುತ್ತಿದ್ದಾನೆ; ಇವಳು ಅಲ್ಲಿ ಯಾವನಿಗೋ ದೀಪ ಹಚ್ಚುತ್ತಿದ್ದಾಳೆ! ಅದೂ ತುಪ್ಪದ ದೀಪ! ಅವನಿಗಾಗಿ ತನ್ನ ಜೀವವನ್ನೇ ಮುಂದಿಡುತ್ತಿದ್ದಾಳೆ! ಯಾರವನೆಂದು ಕೇಳಲು ನಾನು ಮಾಸ್ಕ್ ಕಿತ್ತು ಏಳಲು ಹೋದೆನಂತೆ. ಪಕ್ಕದಲ್ಲಿದ್ದ ಆಂಬುಲೆನ್ಸಿನ ಯುವತಿ ಭುಜವನ್ನು ಒತ್ತಿ ಮಲಗಿಸಿದಳು. ಮುಂದಿನದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳವನ್ನು ತೆರೆದರು. ನಾನು ಎದ್ದು ಕೂರುವಂತಾದ ಮೇಲೆ ಶಾರದೆ ಡಬ್ಬಿಯಲ್ಲಿ ಮೆತ್ತಗಿನ ಸಾರನ್ನ ತಂದಳು. ಎರಡು ತುತ್ತು ತಿಂದು, ತಡೆಯಲಾರದೆ ಕೇಳಿಯೇಬಿಟ್ಟೆ.

“ಅವತ್ತು ತುಪ್ಪದ ದೀಪ ಹಚ್ಚಿದೆಯಲ್ಲ, ಯಾರವನು ಕಾಶ್ಯಪ ಗೋತ್ರದವನು? ಬದುಕಿದನೋ?”

ಅವಳ ಕೈಯ ಚಮಚ ಹಾಗೆಯೇ ನಿಂತಿತು.

“ಬದುಕಿ ಸಾರನ್ನ ತಿಂತಾ ಇದಾನೆ” ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು: “ನಿಮ್ಮನ್ನ ಕರ್ಕೊಂಡು ಹೋದ್ಮೇಲೆ ಒಳಗೆ ಬಂದೆ. ಆಂಬುಲೆನ್ಸ್ ಹೊರಡ್ತು ಅಂತ ಪೆಟ್ಟಿಗೇಲಿ ಆ ಹುಡುಗಿ ನಮ್ಮನೆ ನಂಬರು ಹೇಳಿದ್ಲು, ಎಲ್ಲರ ಮನೇದೂ ಹೇಳೋ ಹಾಗೇನೇ. ಕೈ ತಾನಾಗೇ ದೀಪಕ್ಕೆ ಹೋಯ್ತು, ನೋಡಿದ್ರೆ ಎಣ್ಣೆ ಇರ್ಲಿಲ್ಲ. ನಿಮ್ಮ ಹೆಸರಂತೂ ನಾನು ಬಾಯಲ್ಲಿ ಹೇಳಲ್ಲ. ಗೋತ್ರನಾದ್ರೂ ಹೇಳೋಣ ಅಂದ್ರೆ, ಇಷ್ಟು ವರ್ಷ ಬಾಳಿದ ಮನೆ ಗೋತ್ರ, ಏನು ಮಾಡಿದ್ರೂ ನೆನಪಿಗೆ ಬರ್ಲಿಲ್ಲ ಕಣ್ರೀ. ಬಾಯಿಗೆ ಬಂದಿದ್ದು ಕಾಶ್ಯಪ ಒಂದೇ. ದೋಷ ಬರತ್ತಾ?”

“ಇಲ್ಲ” ಎಂದೆ.

“ಅದ್ಸರಿ, ನಿಮಗ್ಯಾರು ಹೇಳಿದ್ರು? ಮನೇಲಿ ಪಾಪು ಬಿಟ್ರೆ ಯಾರೂ ಇರ್ಲಿಲ್ವಲ್ಲ.”

ಮುಂದಿನ ಸೀಟಿನಲ್ಲಿದ್ದ ಅಳಿಯನಿಗೆ ಅಂದು ಇಂಗ್ಲಿಷ್ ಮಾತಲ್ಲದೆ ಬೇರೇನೂ ಕೇಳಿರಲಿಲ್ಲ. “ಮಾವ, ಇದ್ರಲ್ಲಿ ಮೈಕೇ ಇಲ್ಲ, ನೋಡಿ” ಎಂದು ಮನೆಗೆ ಬಂದ ಮೇಲೆ ಸ್ಕ್ಯಾನರನ್ನು ತಿರುಗಿಸಿ ತೋರಿಸಿದ. ರಕ್ತ ಸಾಲದಾದಾಗ ಮಿದುಳು ಪರಿಚಿತ ದನಿಗಳನ್ನು ತಾನೇ ಕಟ್ಟಿಕೊಳ್ಳುತ್ತದೆಂದು ವೈದ್ಯರು ಹೇಳಿದರು. ಇರಬಹುದು, ಅವಳ ಪ್ರಾರ್ಥನೆಯನ್ನು ನಾನು ದಿನವೂ ಕೇಳುತ್ತಿದ್ದವನೇ. ಆದರೆ ಎಣ್ಣೆ ತೀರಿದ್ದು ನನ್ನ ಮಿದುಳಿಗೆ ಯಾರು ಹೇಳಿದರು? ತರ್ಕಶಾಸ್ತ್ರದ ಯಾವ ಮಾರ್ಗದಿಂದ ಹೋದರೂ ಆ ತುಪ್ಪದ ದೀಪದ ಬಳಿ ಬಂದು ನಿಂತುಬಿಡುತ್ತೇನೆ.

ಕೆಲವು ವರ್ಷಗಳ ಮೇಲೆ ಅಲ್ಲಿನ ಪೊಲೀಸ್, ಆಂಬುಲೆನ್ಸ್ ಇಲಾಖೆಗಳೆಲ್ಲ ಬೇರೆ ಬಗೆಯ ರೇಡಿಯೋ ಹಾಕಿಕೊಂಡವು, ಪೆಟ್ಟಿಗೆ ಮೂಕವಾಯಿತು. ಶಾರದೆ ಮತ್ತೆ ನನ್ನೆದುರು ಕುಳಿತು ಬತ್ತಿ ಹೊಸೆಯುತ್ತ ಪುರಾಣ ಕೇಳುತ್ತಾಳೆ. ನನಗೆ ಸಮಾಧಾನವಾಗಿರಬೇಕಿತ್ತು. ಆ ಸಂಜೆ ನಾನು ಹೊಟ್ಟೆಕಿಚ್ಚುಪಟ್ಟ ಮನುಷ್ಯ ನಾನೇ ಎಂಬುದೂ ತಿಳಿದಿದೆ. ಆದರೂ ಆ ಕಾಶ್ಯಪ ಗೋತ್ರದವನ ಮೇಲಿನ ಹೊಟ್ಟೆಕಿಚ್ಚು ಇಂದಿಗೂ ಪೂರ್ತಿ ಆರಿಲ್ಲ. ಅವನಿಗಾಗಿ ಅವಳು ಪ್ರಾಣವನ್ನೇ ಕೊಡಲು ಹೊರಟಿದ್ದಳು. ಭಾರದ್ವಾಜ ಗೋತ್ರದ ನನ್ನೆದುರು ಅಂಥ ಮಾತನ್ನು ಅವಳು ಇದುವರೆಗೆ ಒಮ್ಮೆಯೂ ಆಡಿಲ್ಲ.