ದಾರಿ ತಪ್ಪಿದ ತಾಮ್ರ

ಶಿಲೀಂಧ್ರಗಳ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪಾಕದಕ್ಕ ಎಂದೇ ಕರೆಯುತ್ತಿದ್ದರು. ಯೀಸ್ಟಿಗೆ ಬೇಕಾದ ಸಕ್ಕರೆ, ಉಪ್ಪು, ಪಾಕ ಹೆಪ್ಪುಗಟ್ಟಿಸುವ ಅಗರ್ ಪುಡಿ ಕಾಯಿಸಿ ಗಾಜಿನ ತಟ್ಟೆಗಳಿಗೆ ಹೊಯ್ಯುವುದು ಅವಳ ಕೆಲಸ. ಹದಿನಾರು ವರ್ಷದಲ್ಲಿ ಒಂದು ತಟ್ಟೆಯೂ ಗಂಟುಗಟ್ಟಿರಲಿಲ್ಲ. "ಮನೇಲಿ ಏನು ಮಾಡಿದ್ರೂ ಉಪ್ಪಿಲ್ಲ, ಖಾರ ಇಲ್ಲ ಅಂತಾರೆ. ಇವು ಪಾಪ, ತುಟಿ ಪಿಟಕ್ಕನ್ನಲ್ಲ" ಎಂದು ನಗಿಸುತ್ತಿದ್ದಳು.

ಆದರೆ ಒಂದು ಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅಲ್ಲಿ ಯೀಸ್ಟಿನ ಬಾಟಲಿಗಳನ್ನು ಹಗಲಿಡೀ ಅಲುಗಿಸುವ ಯಂತ್ರವಿತ್ತು. ಗಾಜಿಗೆ ಗಾಜು ತಾಗಿ ಕಿಣಿಕಿಣಿ ಎಂದರೆ, ತಂಗಿಯ ಕೈಯಲ್ಲಿ ನಡುಗುವ ಲೋಟದ ಸದ್ದೇ ಬೆನ್ನ ಹಿಂದೆ ಬಂದಂತಾಗುತ್ತಿತ್ತು.

ತಂಗಿ ಹೋಗಿ ಇಪ್ಪತ್ತೆರಡು ವರ್ಷ. ಹದಿನೇಳಕ್ಕೆ ಕೈ ನಡುಗತೊಡಗಿತು, ಆಮೇಲೆ ಮಾತು ತೊದಲಿತು. ಕಾರಣವಿಲ್ಲದ ನಗು, ಕಾರಣವಿಲ್ಲದ ಅಳು. ನೆರೆಯವರು ಗಾಳಿ ಸೋಕಿದೆ ಎಂದರು; ಮನೆಯವರು ಸೋಗು ಎಂದರು. ಒಂದು ಬೆಳಗ್ಗೆ ಹಾಲಿನ ಪಾತ್ರೆ ಕೈಜಾರಿದಾಗ ಅಕ್ಕನಾದವಳೇ ಕೆನ್ನೆಗೆ ಬಾರಿಸಿದ್ದಳು. "ಬೇಕಂತ ಮಾಡ್ಲಿಲ್ಲ ಕಣೇ ಅಕ್ಕಾ" ಎಂದು ತಂಗಿ ಮುಖವೆತ್ತಿದಾಗ, ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಳೆಯಂಥದ್ದೊಂದು ಕಂಡಿತ್ತು. ಎರಡು ವರ್ಷದೊಳಗೆ ಹೊಟ್ಟೆ ಉಬ್ಬಿ, ಮೈಯೆಲ್ಲ ಹಳದಿಯಾಗಿ ತೀರಿಕೊಂಡಳು. ಅಂದಿನಿಂದ ದಾರಿಯಲ್ಲಿ ಯಾರೇ ಎದುರಾದರೂ ಪಾಕದಕ್ಕನ ನೋಟ ಮೊದಲು ಹೋಗುತ್ತಿದ್ದುದು ಅವರ ಕಣ್ಣಿನಂಚಿಗೆ.

ಒಮ್ಮೆ ಅಲ್ಲಿನ ಸಂಶೋಧಕಿಯೊಬ್ಬಳು ಹೇಳಿದಂತೆ ಪಾಕಕ್ಕೆ ತಾಮ್ರದ ನೀಲಿ ದ್ರಾವಣ ಬೆರೆಸಿ ಕೊಟ್ಟಳು. ನಾಲ್ಕನೆಯ ದಿನ ಆ ತಟ್ಟೆ ನೋಡಿದರೆ, ಬೆಳ್ಳಗಿರಬೇಕಾದ ಯೀಸ್ಟಿನ ಚುಕ್ಕೆಗಳು ಕಂದಾಗಿದ್ದವು. ಅದೇ ಬಣ್ಣ.

"ಇದೇನಮ್ಮಾ ಈ ಬಣ್ಣ?"

"ತಾಮ್ರ ಅಕ್ಕಾ," ಎಂದಳು ಸಂಶೋಧಕಿ. "ಬದುಕೋಕೆ ಒಂಚೂರು ಬೇಕು, ಹೆಚ್ಚಾದ್ರೆ ವಿಷ. ಅದಕ್ಕೇ ಯೀಸ್ಟು ಬಲು ಹುಷಾರು. ಬಾಗಿಲಲ್ಲಿ ಒಳಗೆ ಬಿಟ್ಕೊಂಡ್ರೂ ಬಿಡಾಡಿಯಾಗಿ ತಿರುಗೋಕೆ ಬಿಡಲ್ಲ. ಒಂದು ಪುಟ್ಟ ಪ್ರೋಟೀನು ಕೈಹಿಡಿದು ಕರ್ಕೊಂಡು ಹೋಗಿ ಒಳಗಿರೋ ಪಂಪಿಗೆ ಒಪ್ಪಿಸುತ್ತೆ. ಜಾಸ್ತಿಯಾದ್ರೆ ಬಾಗಿಲು ಮುಚ್ಚಿ, ಮಿಕ್ಕಿದ್ದನ್ನ ಕಟ್ಟಿಹಾಕುತ್ತೆ. ಹಾಗೆ ಕಟ್ಟಿಹಾಕಿದ್ದೇ ಈ ಕಂದು."

"ಆ ಪಂಪು ಕೆಟ್ರೆ?"

"ಯೀಸ್ಟು ಸೊರಗುತ್ತೆ. ಅಂಥದ್ದೇ ಪಂಪು ನಮ್ಮ ಲಿವರಲ್ಲೂ ಇದೆ. ಅಲ್ಲಿ ಕೆಟ್ರೆ ತಾಮ್ರ ಹೊರಗೆ ಹೋಗದೆ ಲಿವರಲ್ಲಿ, ಮಿದುಳಲ್ಲಿ, ಕಣ್ಣಲ್ಲಿ ಕೂತ್ಬಿಡುತ್ತೆ. ಕೈ ನಡುಗುತ್ತೆ. ಒಡಹುಟ್ಟಿದವರಿಗೂ ಬರಬಹುದು. ಬೇಗ ಗೊತ್ತಾದ್ರೆ ಮಾತ್ರೆ ಇದೆ."

"ಆ ಮಾತ್ರೆ ಎಷ್ಟು ವರ್ಷದಿಂದ ಇದೆ?"

"ಐವತ್ತಕ್ಕೂ ಮೇಲೆ. ಯಾಕಕ್ಕಾ?"

ಪಾಕದಕ್ಕ ಕೈ ತೊಳೆದವಳೇ ನೆಟ್ಟಗೆ ತಮ್ಮನ ಹೊಲಿಗೆ ಅಂಗಡಿಗೆ ನಡೆದಳು. ತಂಗಿ ಹೋದಾಗ ಎಂಟು ವರ್ಷದವನಾಗಿದ್ದ ತಮ್ಮ ಈಗ ಮೂವತ್ತರ ಗಂಡಸು. ಗುಂಡಿ ಹೊಲಿಯುವುದನ್ನು ಇತ್ತೀಚೆಗೆ ಯಾಕೋ ಬೇರೆಯವರಿಗೆ ವಹಿಸುತ್ತಿದ್ದ.

"ಸೂಜಿಗೆ ದಾರ ಪೋಣಿಸು," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ?"

"ಪೋಣಿಸೋ."

ದಾರದ ತುದಿ ಸೂಜಿಯ ಸುತ್ತ ತಡಕಾಡಿತೇ ಹೊರತು ಒಳಗೆ ಹೋಗಲಿಲ್ಲ. ತಮ್ಮ ಸೂಜಿ ಕೆಳಗಿಟ್ಟು ತಲೆ ತಗ್ಗಿಸಿದ. "ಹೋದ ವರ್ಷದಿಂದ ಹೀಗೆ. ಅವಳ ಹಾಗೇ ಆಗ್ತಿದೀನಿ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

ಮರುದಿನವೇ ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ವೈದ್ಯರು ದೀಪ ಹಿಡಿದು ನೋಡಿ, ಬಳೆ ಮೂಡತೊಡಗಿದೆ ಎಂದರು. ರಕ್ತ, ಮೂತ್ರದ ಪರೀಕ್ಷೆಗಳೂ ಅದನ್ನೇ ಹೇಳಿದವು. ಪಾಕದಕ್ಕನನ್ನೂ ಪರೀಕ್ಷಿಸಿದರು; ಅವಳಿಗೆ ಆ ಕಾಯಿಲೆ ಇರಲಿಲ್ಲ. ತಮ್ಮನಿಗೆ ಬದುಕಿರುವವರೆಗೂ ಮಾತ್ರೆ. ವರ್ಷ ಕಳೆಯುವಷ್ಟರಲ್ಲಿ ನಡುಕ ತಗ್ಗಿ, ಮತ್ತೆ ಗುಂಡಿ ಹೊಲಿಯತೊಡಗಿದ.

ಒಂದು ಸಂಜೆ ಅಮ್ಮ ಅಂಗಡಿಗೆ ಬಂದು ಮಗನ ಕೈಯನ್ನೇ ಬಹಳ ಹೊತ್ತು ನೋಡುತ್ತ ಕುಳಿತಳು.

"ಆ ಮಗೂಗೂ ಈ ಮಾತ್ರೆ ಕೊಟ್ಟಿದ್ರೆ ಬದುಕ್ತಿದ್ಲಾ?"

ಅಲ್ಲೇ ಬಟ್ಟೆ ಮಡಚುತ್ತಿದ್ದ ಪಾಕದಕ್ಕ ತಲೆಯೆತ್ತದೆ ಹೇಳಿದಳು:

"ಆಗ ಈ ಮಾತ್ರೆ ಎಲ್ಲಿತ್ತಮ್ಮಾ? ಈಚೆಗೆ ಬಂದಿದ್ದು."

"ಹಾಗಾದ್ರೆ ಅವಳ ಹಣೆಬರಹ," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾತ್ರೆ ಬಂದು ಐವತ್ತು ವರ್ಷ ದಾಟಿತೆಂದು ವೈದ್ಯರು ಹೇಳಿದ್ದು ತಮ್ಮನಿಗೂ ಗೊತ್ತಿತ್ತು. ಅವನು ಒಮ್ಮೆ ಅಕ್ಕನ ಮುಖ ನೋಡಿದ. ಆಮೇಲೆ ಬಗ್ಗಿ, ಹೊಲಿಗೆ ಯಂತ್ರವನ್ನು ತುಳಿಯತೊಡಗಿದ.