ಎಡ ಟ್ಯಾಂಕು ಉಕ್ಕಿದಾಗ

ಹೋದ ಆಯುಧಪೂಜೆಗೆ ಜೋಗುಪಾಳ್ಯದ ಮನೆಯೆದುರು ಚಿಕ್ಕಪ್ಪ ತಮ್ಮ ಹಳೇ ಕಾರನ್ನು ಚಾಲೂ ಮಾಡಿ ನಿಲ್ಲಿಸಿದ್ದರು. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಪೆಟ್ರೋಲ್ ಟ್ಯಾಂಕು; ಹಬ್ಬವಲ್ಲವೇ, ಎರಡನ್ನೂ ಬಾಯಿಮಟ್ಟ ತುಂಬಿಸಿದ್ದರು. ಚಿಕ್ಕಮ್ಮ ಉರಿಯುವ ಕರ್ಪೂರದ ತಟ್ಟೆ ಹಿಡಿದು ಕಾರನ್ನು ಸುತ್ತುತ್ತ ಹಿಂದಕ್ಕೆ ಬಂದಾಗ ನನಗೆ ವಾಸನೆ ಬಡಿಯಿತು. ಬಗ್ಗಿ ನೋಡಿದರೆ ಎಡ ಟ್ಯಾಂಕು ಉಕ್ಕಿ ನೆಲಕ್ಕೆ ಹರಿಯುತ್ತಿದೆ.

“ಚಿಕ್ಕಮ್ಮಾ, ಮುಂದೆ ಬರ್ಬೇಡಿ! ಪೆಟ್ರೋಲು!”

“ಆರತಿ ಅರ್ಧಕ್ಕೆ ನಿಲ್ಲಿಸ್ಬಾರ್ದು ಕಣೋ,” ಎಂದು ಅವರು ಇನ್ನೊಂದು ಹೆಜ್ಜೆ ಇಟ್ಟೇಬಿಟ್ಟರು.

ತಟ್ಟೆ ಕಿತ್ತುಕೊಂಡು ಬೀದಿಯ ತುದಿಗೆ ಓಡಿದೆ.

ಇಂಜಿನ್ ಬಂದ್ ಮಾಡಿ ಚಿಕ್ಕಪ್ಪ ಕಾರಣ ಹುಡುಕಿದರು. ಬಲ ಟ್ಯಾಂಕಿನಿಂದ ಇಂಜಿನ್ನಿಗೆ ಹೋಗಿ ಉರಿಯದೆ ಮಿಕ್ಕ ಪೆಟ್ರೋಲು ಬಲಕ್ಕೇ ಮರಳಬೇಕು; ವಾಲ್ವ್ ಸಿಕ್ಕಿಕೊಂಡು ಅದು ತುಂಬಿದ ಎಡಕ್ಕೆ ನುಗ್ಗುತ್ತಿತ್ತು.

ನನ್ನನ್ನು ಬೈಯುತ್ತಿದ್ದ ಚಿಕ್ಕಮ್ಮ ಒದ್ದೆಯಾದ ಸೀರೆಯಂಚನ್ನು ಎತ್ತಿ ಮೂಸಿದರು. “ಅಯ್ಯೋ, ಇದೂ ಪೆಟ್ರೋಲಾ?” ಎಂದು ಮೆಟ್ಟಿಲ ಮೇಲೆ ಕುಸಿದರು.